ಪಟ್ಟಿಯಿಂದ ಜರೀಫಾಳ ಹೆಸರು ತೆಗೆಯುವುದಿಲ್ಲ

ಮೊದಲು ಮೇಜಿನ ಮೇಲಿನ ಕಾಲು ಕೆಳಗಿಳಿಸಿ. ಕಾಫಿ ಲೋಟ ಆಚೆ ಸರಿಸಿ. ಹೋದ ಸಲ ನನ್ನ ಅರ್ಜಿ ನಿಮ್ಮಲ್ಲಿಂದ ವಾಪಸು ಬಂದಾಗ ಅದರ ಮೂಲೆಯಲ್ಲಿ ದುಂಡನೆಯ ಕಾಫಿ ಕಲೆ ಇತ್ತು. ಏಳು ತಿಂಗಳಲ್ಲಿ ನನ್ನ ಕಾಗದದ ಮೇಲೆ ನಿಮ್ಮ ಕಚೇರಿ ಮಾಡಿದ ಕೆಲಸದ ಏಕೈಕ ಗುರುತು ಅದು. ಅಧಿಕಾರಿಗಳಲ್ಲದೆ, ಪತ್ರಿಕೆಯಲ್ಲಿ ಅಚ್ಚಾದ ಈ ಕಾಗದದ ಮೇಲೆ ಸುಮ್ಮನೆ ಕಣ್ಣಾಡಿಸುತ್ತಿರುವವರಿಗೂ ಒಂದು ಮಾತು. "ಅಯ್ಯೋ ಪಾಪ ಮುದುಕಿ" ಎಂದು ಲೊಚಗುಟ್ಟಿ ಪುಟ ತಿರುಗಿಸುವವರಿದ್ದರೆ ಈಗಲೇ ತಿರುಗಿಸಿಬಿಡಿ. ನಿಮ್ಮ ಲೊಚಗುಟ್ಟುವಿಕೆಯಿಂದ ನಮ್ಮೂರಿನ ಒಂದು ಗೇಟೂ ಇದುವರೆಗೆ ತೆರೆದಿಲ್ಲ. ಓದುವುದಾದರೆ ಕೊನೆಯವರೆಗೆ ಓದಿ.

ಮಾನ್ಯರೇ, ಬೇಲಿಯ ಗೇಟಿಗೆ ಪಾಸು ಕೊಡುವ, ಮುಖ್ಯವಾಗಿ ಕೊಡದಿರುವ, ಅಧಿಕಾರಿಗಳೇ. ನನ್ನ ಮಾವನ ಆಲಿವ್ ತೋಪು ನಿಮ್ಮ ಬೇಲಿಯ ಆಚೆ ಇದೆ. ನಾನು ಈಚೆ ಇದ್ದೇನೆ. ನಡುವೆ ಒಂದು ಹಳದಿ ಗೇಟು. ಎರಡು ವರ್ಷದಿಂದ ನನಗೆ ಪಾಸು ಇಲ್ಲ. ಈ ಅಕ್ಟೋಬರ್ ಮುಗಿದು ನವೆಂಬರ್ ಹುಟ್ಟಿದರೆ ಆ ನೆಲಕ್ಕೆ ನೇಗಿಲು ತಾಗದೆ ಮೂರು ವರ್ಷ ತುಂಬುತ್ತದೆ. ಮೂರು ವರ್ಷ ಉಳದೆ ಬಿಟ್ಟ ನೆಲ ಸರ್ಕಾರದ್ದಾಗುತ್ತದೆ ಎಂಬ ಕಾನೂನು ತುರ್ಕರ ಕಾಲದ್ದಂತೆ. ತುರ್ಕರು ಹೋದರು, ಇಂಗ್ಲಿಷರು ಹೋದರು, ಜೋರ್ಡಾನಿನವರು ಹೋದರು. ಅವರೆಲ್ಲ ಬಿಟ್ಟುಹೋದದ್ದರಲ್ಲಿ ಈ ಒಂದು ಕಾನೂನನ್ನು ಮಾತ್ರ ನೀವು ಉಪ್ಪಿನಕಾಯಿಯ ಹಾಗೆ ಜೋಪಾನ ಮಾಡಿಟ್ಟುಕೊಂಡಿದ್ದೀರಿ. ಬೀಗ ಹಾಕುವವರು ನೀವು. ಒಳಗೆ ಯಾರೂ ಬಂದು ಉಳಲಿಲ್ಲ ಎಂದು ಬರೆದುಕೊಳ್ಳುವವರೂ ನೀವು. ಈ ಎರಡು ಕೆಲಸಕ್ಕೂ ನಿಮ್ಮಲ್ಲಿ ಒಬ್ಬರೇ ಗುಮಾಸ್ತರೋ, ಅಥವಾ ಬೇರೆ ಬೇರೆ ಕುರ್ಚಿಗಳಿವೆಯೋ?

ಪಾಸು ಯಾಕಿಲ್ಲ ಎಂದು ಕೇಳಿದರೆ ತಪ್ಪು ನನ್ನದೇ ಎನ್ನುತ್ತೀರಿ. ಒಪ್ಪುತ್ತೇನೆ. ನಾನೊಂದು ತಪ್ಪು ಮಾಡಿದೆ. ನಿಮ್ಮ ಮುಂದೆ ನಿಜ ಹೇಳಿದೆ. ಅದರ ಕಥೆಯನ್ನು ನೀವು ಕೇಳಲೇಬೇಕು, ಯಾಕೆಂದರೆ ಆ ಕಥೆಯ ಮೊದಲ ಸಾಲು ಬರೆದದ್ದು ನಿಮ್ಮ ಹಿರಿಯರು.

ಅರವತ್ತೇಳನೆಯ ಇಸವಿಯಲ್ಲಿ ನಾನು ಈ ಮನೆಗೆ ಸೊಸೆಯಾಗಿ ಬಂದು ಆರು ತಿಂಗಳಾಗಿತ್ತು. ನನಗೆ ಹದಿನೇಳು. ನನ್ನ ಗಂಡ ರಾಜಿಹ್‌ಗೆ ಒಬ್ಬಳು ತಂಗಿ, ಜರೀಫಾ. ಅವಳಿಗೆ ಹದಿನೈದು. ಮೇ ಕೊನೆಯಲ್ಲಿ ದೊಡ್ಡಮ್ಮನ ಮಗಳ ಬಾಣಂತನಕ್ಕೆ ಕೈಯಾಸರೆಯಾಗಿ ನದಿ ದಾಟಿ ಅಮ್ಮಾನಿಗೆ ಹೋದಳು. ಒಂದು ಜೊತೆ ಬಟ್ಟೆ ಒಯ್ದಿದ್ದಳು, ಅಷ್ಟೆ. ಜೂನಿನಲ್ಲಿ ಯುದ್ಧವಾಯಿತು. ಸೇತುವೆ ಮುರಿಯಿತು. ಸೆಪ್ಟೆಂಬರಿನಲ್ಲಿ ನಿಮ್ಮ ಸೈನಿಕರು ಯಾರೂ ಮನೆಯಿಂದ ಹೊರಬರಬಾರದೆಂದು ಕಟ್ಟಪ್ಪಣೆ ಮಾಡಿ ತಲೆ ಎಣಿಸಲು ಬಂದರು. ನನ್ನ ಅತ್ತೆ ಬಾಗಿಲಲ್ಲಿ ನಿಂತು, ಜೊತೆಗೆ ಬಂದಿದ್ದ ದುಭಾಷಿಗೆ ಹೇಳಿದರು:

"ಇನ್ನೊಬ್ಳು ಇದಾಳೆ, ಬರ್ಕೊಳ್ಳಪ್ಪ. ಜರೀಫಾ ಅಂತ. ಬಾಣಂತನಕ್ಕೆ ಹೋಗಿದಾಳೆ, ಇಗೋ ಈಗ ಬಂದ್ಬಿಡ್ತಾಳೆ."

"ಕಣ್ಣಿಗೆ ಕಾಣೋರನ್ನ ಮಾತ್ರ ಬರ್ಕೊಳ್ಳೋದು ಅಮ್ಮ."

"ಕಣ್ಣಿಗೆ ಕಾಣದಿದ್ರೆ ಮಗಳಲ್ವಾ? ನಿಂಗೆ ಈಗ ನಿಮ್ಮಮ್ಮ ಕಾಣ್ತಾ ಇದಾಳಾ? ಹಾಗಾದ್ರೆ ನಿನ್ನನ್ನ ಯಾರು ಹೆತ್ತದ್ದು, ಈ ಸಿಪಾಯಿಯಾ?"

ದುಭಾಷಿ ನಕ್ಕ. ಸಿಪಾಯಿ ಏನೆಂದು ಕೇಳಿದ. ದುಭಾಷಿ ಅದನ್ನು ಅನುವಾದಿಸಲಿಲ್ಲ. ಜರೀಫಾಳ ಹೆಸರನ್ನೂ ಬರೆದುಕೊಳ್ಳಲಿಲ್ಲ. ಆವತ್ತಿನಿಂದ ನಿಮ್ಮ ಭಾಷೆಯಲ್ಲಿ ಅವಳು "ಗೈರುಹಾಜರಾದವಳು". ಗೈರುಹಾಜರಾದವಳು ಊರಿಗೆ ಬರುವಂತಿಲ್ಲ, ಬಂದರೆ ಅತಿಥಿಯಾಗಿ ಬರಬೇಕು, ಅತಿಥಿಯಾಗಲು ನಿಮ್ಮ ಒಪ್ಪಿಗೆ ಬೇಕು. ಐವತ್ತೆಂಟು ವರ್ಷದಲ್ಲಿ ಎರಡು ಸಲ ಒಪ್ಪಿದ್ದೀರಿ. ಒಂದು, ಅವಳ ಅಪ್ಪ ಸತ್ತು ಹನ್ನೊಂದನೆಯ ದಿನಕ್ಕೆ. ಇನ್ನೊಂದು, ಅಮ್ಮ ಸತ್ತು ನಲವತ್ತನೆಯ ದಿನಕ್ಕೆ. ಅತ್ತೆ ಸಾಯುವವರೆಗೂ ಸಂಜೆ ಹಾಸಿಗೆ ಹಾಸುವಾಗ ಒಂದು ಹಾಸಿಗೆ ಹೆಚ್ಚು ಹಾಸುತ್ತಿದ್ದರು. ಬೆಳಿಗ್ಗೆ ಅದನ್ನು ಮಡಚುವ ಕೆಲಸ ನನ್ನದು. ಯಾರೂ ಮಲಗದ ಹಾಸಿಗೆ ಮಡಚುವುದು ಎಂಥ ಕೆಲಸ ಎಂದು ನಿಮಗೆ ಗೊತ್ತೇ? ಸುಕ್ಕೇ ಇರುವುದಿಲ್ಲ. ಆದರೂ ಕೊಡವಬೇಕು.

ನಮ್ಮಲ್ಲಿ ಹೆಣ್ಣು ಮಗು ಹುಟ್ಟಿದರೆ ತೋಪಿನಲ್ಲಿ ಒಂದು ಮರ ಅವಳ ಹೆಸರಿಗೆ ಬಿಡುತ್ತಾರೆ. ಅವಳು ಎಲ್ಲಿಗೆ ಮದುವೆಯಾಗಿ ಹೋದರೂ ಆ ಮರದ ಎಣ್ಣೆ ಅವಳ ಮನೆಗೆ ಹೋಗಬೇಕು, ಅದನ್ನು ಅಣ್ಣನೋ ತಮ್ಮನೋ ಹೊತ್ತೊಯ್ದು ಕೊಡಬೇಕು. ಅದು ತವರಿನ ಎಣ್ಣೆ. ರಾಜಿಹ್ ವರ್ಷಾವರ್ಷ ತಗಡಿನ ಡಬ್ಬ ಬೆಸುಗೆ ಹಾಕಿಸಿ, ಮತ್ತೆ ಕಟ್ಟಿದ ಸೇತುವೆ ದಾಟಿ ಕೊಟ್ಟು ಬರುತ್ತಿದ್ದ. ಒಂದು ವರ್ಷ ಸೇತುವೆಯಲ್ಲಿ ನಿಮ್ಮವರು ಡಬ್ಬಕ್ಕೆ ಮೊಳೆ ಹೊಡೆದು ನೋಡಿದರಂತೆ. ಆ ತೂತಿಗೆ ಬೆರಳು ಒತ್ತಿಕೊಂಡೇ ಅಮ್ಮಾನ್ ತಲುಪಿದ. ಅಷ್ಟು ಹೊತ್ತು ಬೆರಳು ಒತ್ತಿದ್ದ ಮನುಷ್ಯ ಮೂರು ವರ್ಷದ ಹಿಂದೆ, ಅಕ್ಟೋಬರ್ ಕೊನೆಯಲ್ಲಿ ಮರಗಳ ಬುಡ ಉತ್ತು ಬಂದು, ಆ ಚಳಿಗಾಲ ಹೋಗಿಬಿಟ್ಟ. ಹೋಗುವ ಮುಂಚೆ ನನ್ನನ್ನು ಹತ್ತಿರ ಕರೆದ.

"ಫಿದ್ದಾ, ಈ ಊರಲ್ಲಿ ಗಂಡಸ್ರು ಅಕ್ಕತಂಗೀರ ಪಾಲು ಹೇಗೆ ನುಂಗ್ತಾರೆ ಅಂತ ನೀನೇ ನೋಡಿದೀಯ. ನನ್ನನ್ನ ಆ ಸಾಲಿಗೆ ಸೇರಿಸ್ಬೇಡ. ಪತ್ರ ಮಾಡಿಸೋ ದಿನ ಜರೀಫಾ ಹೆಸರು ಬರೆಸು."

"ಬರೆಸ್ತೀನಿ. ಸುಮ್ನೆ ಮಲ್ಕೋ."

"ಮೊದಲು ಬರೆಸು, ಆಮೇಲೆ ಮಲ್ಕೋತೀನಿ," ಅಂದ. ಸಾಯುವಾಗಲೂ ವಾದ ಬಿಡದ ಮನುಷ್ಯ.

ಅವನಿದ್ದಾಗ ಅವನಪ್ಪನ ಹೆಸರಿನ ಹಳೆಯ ತೆರಿಗೆ ಚೀಟಿ ತೋರಿಸಿದರೆ ಪಾಸು ಸಿಗುತ್ತಿತ್ತು. ಅವನು ಸತ್ತ ಮೇಲೆ ನೀವು ವಾರಸುದಾರರ ಪಟ್ಟಿ ತನ್ನಿ ಎಂದಿರಿ. ನಮ್ಮೂರಲ್ಲಿ ತೋಪನ್ನು ಕಾಗದದ ಮೇಲೆ ಯಾರೂ ಪಾಲು ಮಾಡುವುದಿಲ್ಲ. ಅಜ್ಜನ ಹೆಸರಲ್ಲೇ ಇರುತ್ತದೆ, ಎಲ್ಲರೂ ಸೇರಿ ಕೀಳುತ್ತಾರೆ, ಎಣ್ಣೆಯನ್ನು ಮಾತ್ರ ಹಂಚಿಕೊಳ್ಳುತ್ತಾರೆ. ನಾನು ಪಟ್ಟಿ ಮಾಡಿಸಲು ಷರೀಯಾ ನ್ಯಾಯಾಲಯಕ್ಕೆ ಹೋದೆ. ಸಾಕ್ಷಿಗೆ ಊರ ಹಿರಿಯ ಅಬೂ ಆಕಿಫ್ ಬಂದಿದ್ದರು. ಗುಮಾಸ್ತ ಪೆನ್ನು ಹಿಡಿದು ಕೂತ. ನಾನು ನನ್ನ ಹೆಸರು, ಮಗ ಬಾಸಿಲ್, ಹೆಣ್ಣುಮಕ್ಕಳು ಎಲ್ಲ ಹೇಳಿ, ನದಿಯಾಚೆ ಹೋಗಿ ಸತ್ತ ಇಬ್ಬರು ಮೈದುನರ ಮಕ್ಕಳು ಮೊಮ್ಮಕ್ಕಳನ್ನು ಹೇಳಿ, ಜರೀಫಾ ಎಂದೆ. ಗುಮಾಸ್ತ ಪೆನ್ನು ಎತ್ತಿದ.

"ಹಜ್ಜಾ ಅಮ್ಮ, ನದಿ ಆಚೆಯವ್ರನ್ನ ಬಿಟ್ಬಿಡಿ. ಎಲ್ರೂ ಬಿಡ್ತಾರೆ."

"ಎಲ್ರೂ ಬಿಡ್ತಾರೆ ಅಂದ್ರೆ? ಅವಳು ನನ್ನ ನಾದಿನಿ ಕಣಪ್ಪ, ಬಸ್ಸಲ್ಲಿ ಮರೆತುಬಂದ ಕೊಡೆ ಅಲ್ಲ."

ಅಬೂ ಆಕಿಫ್ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. "ಬಾಸಿಲ್‌ನಮ್ಮಾ, ಹಟ ಮಾಡ್ಬೇಡಮ್ಮ. ಇಲ್ಲಿ ಬರೆಸಿದ್ದು ಗೇಟಿನ ಕಚೇರಿಗೆ ಹೋಗತ್ತೆ. ಅವ್ರಿಗೆ ಹೆಸರು ಕೊಟ್ರೆ ನೆಲ ಕೊಟ್ಟ ಹಾಗೆ."

"ಹೆಸರು ಕೊಡದಿದ್ರೆ ರಾಜಿಹ್‌ಗೆ ಏನು ಹೇಳ್ಲಿ? ಹೆಂಗಸಿನ ಪಾಲು ನುಂಗೋದಕ್ಕೆ ನಿಮಗೆ ಸಾಕ್ಷಿ ಹೇಳಿ ಅಭ್ಯಾಸ ಇರ್ಬಹುದು ಅಬೂ ಆಕಿಫ್, ನನಗೆ ನುಂಗಿ ಅಭ್ಯಾಸ ಇಲ್ಲ."

ಪಾಪ, ಆ ಮನುಷ್ಯನಿಗೆ ಹಾಗೆ ಅನ್ನಬಾರದಿತ್ತು. ಅವರು ಹೇಳಿದ್ದೇ ಆಯಿತು. ನಲವತ್ತೊಂದು ಹೆಸರಿನ ನನ್ನ ಪಟ್ಟಿ ನಿಮ್ಮ ಮೇಜಿಗೆ ಬಂತು. ನೀವು ಅದನ್ನು ನಾವು ಓದುವ ಹಾಗೆ ಓದಲಿಲ್ಲ. ನಾವು ಓದಿದರೆ ಅದೊಂದು ಮನೆ. ನೀವು ಓದಿದಾಗ ಒಂಬತ್ತು ದುನಮ್, ಎರಡು ಎಕರೆ ಚಿಲ್ಲರೆ, ನೆಲವನ್ನು ನಲವತ್ತೊಂದು ಜನಕ್ಕೆ ಚೂರು ಮಾಡುವ ಚಾಕು. ನದಿಯಾಚೆಯವರ ಚೂರುಗಳನ್ನೆಲ್ಲ ಗುಡಿಸಿ "ಗೈರುಹಾಜರಾದವರ ಆಸ್ತಿ" ಎಂದು ನಿಮ್ಮದೇ ಒಬ್ಬ ಪಾಲಕನ ಕೈಗೆ ಕೊಟ್ಟಿರಿ. ಉಳಿದ ಚೂರುಗಳಲ್ಲಿ ನನ್ನದನ್ನು ಅಳೆದು, ಇಷ್ಟು ಸಣ್ಣ ನೆಲದಲ್ಲಿ ಬೇಸಾಯದ ಅಗತ್ಯವಿಲ್ಲ, ಆದ್ದರಿಂದ ಪಾಸಿನ ಅಗತ್ಯವೂ ಇಲ್ಲ ಎಂದು ಬರೆದಿರಿ. ನನ್ನ ಮಕ್ಕಳಿಗೂ ಅದೇ ಸಾಲು. ನಮ್ಮ ಗಂಡಸರು ನೂರು ವರ್ಷದಿಂದ ಮಾಡದ ಒಂದು ನ್ಯಾಯವನ್ನು ನಾನು ಮಾಡಿದೆ. ಮಾಡಿದ ನ್ಯಾಯವನ್ನೇ ನೀವು ನಿಮ್ಮ ಕೊಡಲಿಗೆ ಹಿಡಿಕೆ ಮಾಡಿಕೊಂಡಿರಿ. ಅಬ್ಬಾ, ಏನು ಜಾಣತನ. ಇದನ್ನು ಯೋಚಿಸಿದವರಿಗೆ ಬಡ್ತಿ ಸಿಕ್ಕಿರಬೇಕು.

ಈಗ ಗುಡ್ಡದ ಮೇಲೆ ನಿಮ್ಮವರು ಕಟ್ಟಿಕೊಂಡ ವಸಾಹತಿನಲ್ಲಿರುವ ಒಬ್ಬ ಮನುಷ್ಯನ ಬಗ್ಗೆ ಹೇಳುತ್ತೇನೆ. ಹೆಸರು ಗೊತ್ತಿಲ್ಲ. ಬಂದು ಆರು ವರ್ಷವಾಯಿತು, ಎಲ್ಲಿಂದಲೋ ಸಮುದ್ರ ದಾಟಿ ಬಂದ. ಸಂಜೆಯ ಹೊತ್ತು ನಾಯಿ ಹಿಡಿದುಕೊಂಡು ನಮ್ಮ ತೋಪಿನಲ್ಲಿ ಅಡ್ಡಾಡುತ್ತಾನೆ. ಅವನಿಗೆ ಪಾಸು ಬೇಡ. ಅವನ ನಾಯಿಗೂ ಬೇಡ. ಅವನು ಓಡಾಡುವ ರಸ್ತೆಗೆ ದೀಪಗಳಿವೆ. ಅದರ ಕೆಳಗಿನ ಸುರಂಗದಲ್ಲಿ ನಾವು ಹೋಗುತ್ತೇವೆ. ಅವನು ನನ್ನ ಮರದ ಕೊಂಬೆ ಮುರಿದರೆ ಅವನಿಗೊಂದು ನ್ಯಾಯಾಲಯ, ಕಪ್ಪು ಕೋಟಿನ ವಕೀಲರದ್ದು. ಆ ಕೊಂಬೆ ಎತ್ತಿಕೊಳ್ಳಲು ನಾನು ಬೇಲಿ ದಾಟಿದರೆ ನನಗೊಂದು ನ್ಯಾಯಾಲಯ, ಸಮವಸ್ತ್ರದ ಸೈನಿಕರದ್ದು. ಒಂದೇ ಗುಡ್ಡ, ಒಂದೇ ಮರ, ಎರಡು ಕಾನೂನು. ಇದಕ್ಕೊಂದು ಹೆಸರಿದೆಯಂತೆ. ನನ್ನ ಮೊಮ್ಮಗಳು ಲಮೀಸ್ ಮಾನವ ಹಕ್ಕುಗಳ ಸಂಘವೊಂದರಲ್ಲಿ ಊರೂರು ತಿರುಗಿ ಇಂಥ ಕಥೆಗಳನ್ನು ಬರೆದುಕೊಳ್ಳುವ ಕೆಲಸ ಮಾಡುತ್ತಾಳೆ. ಅವರ ವರದಿಯಲ್ಲಿ "ವರ್ಣಭೇದ ನೀತಿ" ಎಂದು ಬರೆದದ್ದಕ್ಕೆ ನಿಮ್ಮವರಿಗೆ ತುಂಬ ನೋವಾಯಿತೆಂದು ಹೇಳಿದಳು. ಆ ಪದ ಅನ್ಯಾಯವಂತೆ, ಅತಿಯಾಯಿತಂತೆ. ಪದದಿಂದ ನಿಮಗಾದ ನೋವು ನನಗೆ ಅರ್ಥವಾಗುತ್ತದೆ. ನನಗೆ ಗೇಟಿನಿಂದ ಆಗಿದೆ.

ಹೋದ ವಸಂತದಲ್ಲಿ ಲಮೀಸ್ ಜೊತೆ ದಕ್ಷಿಣ ಆಫ್ರಿಕಾದಿಂದ ಒಬ್ಬ ಹೆಂಗಸು ಬಂದಿದ್ದರು. ನನ್ನ ವಯಸ್ಸಿನವರು, ನೊಂಬುಲೆಲೊ ಎಂದು ಹೆಸರು. ಗೇಟನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಮನೆಗೆ ಬಂದು ಗಮಗಮಿಸುವ ಸೇಜ್ ಸೊಪ್ಪು ಹಾಕಿದ ಚಹಾ ಕುಡಿಯುತ್ತ ನನ್ನ ಹಳೆಯ ಪಾಸು ನೋಡಬೇಕು ಎಂದರು. ಕೊಟ್ಟೆ. ಬೆರಳಲ್ಲಿ ಸವರಿದರು.

"ನಮ್ಮಮ್ಮನ ಹತ್ರಾನೂ ಒಂದಿತ್ತು," ಅಂದರು. ಲಮೀಸ್ ನಡುವೆ ಕೂತು ನಮ್ಮ ಭಾಷೆಗೆ ತಿರುಗಿಸಿ ಹೇಳುತ್ತಿದ್ದಳು. "ರವಿಕೆ ಒಳಗೆ ಇಟ್ಕೋತಿದ್ಳು. ಬೆವರಿಗೆ ಶಾಯಿ ಹರಡಿ ಫೋಟೋದ ಮುಖವೇ ಅಳಿಸಿಹೋಗಿತ್ತು."

"ಆಮೇಲೆ ಅದನ್ನ ಏನು ಮಾಡಿದ್ರು?"

"ಒಂದಿನ ಎಲ್ಲ ಹೆಂಗಸ್ರೂ ಸೇರಿ ಬೆಂಕಿಗೆ ಹಾಕಿದ್ರು. ಆಮೇಲೆ ಜೈಲಿಗೆ ಹೋದ್ಳು."

"ಜೈಲಲ್ಲಿ ಊಟ ಹೇಗಿತ್ತಂತೆ?" ಎಂದೆ. ಆ ಹೆಂಗಸು ನಕ್ಕರು, ನಕ್ಕು ಕಣ್ಣು ಒರೆಸಿಕೊಂಡರು. ನೀವು ಅತಿ ಎನ್ನುವ ಆ ಪದವನ್ನು ಅವರು ಒಂದು ಸಲವೂ ಹೇಳಲಿಲ್ಲ. ಹೇಳುವ ಅಗತ್ಯವಿದ್ದವರ ಮುಖ ಅದಾಗಿರಲಿಲ್ಲ.

ಮಾನ್ಯರೇ, ನಿಮ್ಮ ಬೇಲಿಯ ಮೇಲೆ ಕ್ಯಾಮೆರಾಗಳಿವೆ. ಅದರಲ್ಲಿ ಎಲ್ಲವೂ ಕಾಣುತ್ತದಂತೆ. ಹಾಗಾದರೆ ನನಗೆ ಕಾಣುವುದು ನಿಮಗೂ ಕಾಣುತ್ತಿರಬೇಕು. ಸಂಜೆಯ ಅಸರ್ ನಮಾಜಿನ ನಂತರ ನಾನು ಮಾಳಿಗೆ ಹತ್ತಿ ಕೂರುತ್ತೇನೆ. ಎರಡು ವರ್ಷ ಸವರದ ಮರಗಳು ತಲೆ ಬಾಚದ ಹೆಂಗಸರ ಹಾಗೆ ನಿಂತಿವೆ. ಕೀಳದ ಕಾಯಿ ಕಪ್ಪಾಗಿ ಉದುರುತ್ತದೆ. ಬಿಸಿಲು ಇಳಿಯುತ್ತಿದ್ದ ಹಾಗೆ ಮೂರನೆಯ ಸಾಲಿನಲ್ಲಿ ಬಿಳಿ ತಲೆವಸ್ತ್ರದ ಒಬ್ಬರು ಬಗ್ಗಿ ಉದುರಿದ ಕಾಯಿ ಆರಿಸುತ್ತಾರೆ. ನನ್ನ ಅತ್ತೆ ಹಾಗೆಯೇ ಆರಿಸುತ್ತಿದ್ದರು, ಎಡಗೈ ಸೊಂಟದ ಮೇಲಿಟ್ಟು. ಮೊದಮೊದಲು ಕಣ್ಣಿನ ಪೊರೆ ಅಂದುಕೊಂಡೆ. ಪೊರೆ ತೆಗೆಸಿದೆ. ಈಗ ಇನ್ನೂ ಸ್ಪಷ್ಟವಾಗಿ ಕಾಣುತ್ತಾರೆ. ನಾಯಿ ಹಿಡಿದ ಆ ಮನುಷ್ಯ ಪಕ್ಕದಲ್ಲೇ ಹಾದುಹೋಗುತ್ತಾನೆ, ಅವನಿಗೆ ಗೊತ್ತಾಗುವುದಿಲ್ಲ. ನಾಯಿ ಮಾತ್ರ ಆ ಸಾಲಿಗೆ ಬಂದರೆ ನಿಲ್ಲುತ್ತದೆ, ಎಳೆದರೂ ಬರುವುದಿಲ್ಲ. ಸತ್ತವರಿಗೆ ಬೇಲಿಯಾಚೆ ಪಾಸು ಕೊಟ್ಟವರು ಯಾರು ಎಂದು ವಿಚಾರಣೆ ಮಾಡಿಸಿ. ಆದರೆ ಒಂದು ವಿಷಯ. ಅಲ್ಲಿ ಅತ್ತೆ ಕಾಣುತ್ತಾರೆ, ಮಾವ ಕಾಣುತ್ತಾರೆ, ಒಂದೆರಡು ಸಲ ರಾಜಿಹ್ ಕೂಡ ಕಂಡಿದ್ದಾನೆ. ಜರೀಫಾಳ ಮರದ ಬುಡದಲ್ಲಿ ಮಾತ್ರ ಯಾರೂ ಇರುವುದಿಲ್ಲ. ಅವಳು ಸತ್ತಿಲ್ಲವಲ್ಲ. ಅಮ್ಮಾನಿನಲ್ಲಿ ಮೂರನೆಯ ಮಹಡಿಯ ಮನೆಯಲ್ಲಿ, ಮಂಡಿನೋವಿಟ್ಟುಕೊಂಡು ಬದುಕಿದ್ದಾಳೆ.

ಅವಳಿಗೆ ನಾನು ಎರಡು ವರ್ಷ ಸುಳ್ಳು ಹೇಳಿದೆ. ಬೇರೆಯವರ ಎಣ್ಣೆ ತಂದು ಡಬ್ಬದಲ್ಲಿ ತುಂಬಿ, ಸೇತುವೆ ದಾಟುವ ಯಾರ ಕೈಯಲ್ಲೋ ಕಳಿಸಿ, ನಿನ್ನ ಮರದ್ದು ಅಂದೆ. ಈ ಸಲ ಫೋನ್ ಮಾಡಿದಾಗ ಅವಳೇ ಕೇಳಿದಳು.

"ಅತ್ತಿಗೆ, ಹೋದ ವರ್ಷದ ಎಣ್ಣೆ ನನ್ನ ಮರದ್ದಲ್ಲ ಅಲ್ವಾ? ನನ್ನ ಮರದ್ದು ಗಂಟಲಲ್ಲಿ ಸ್ವಲ್ಪ ಕಚ್ಚತ್ತೆ. ಅದು ಬೆಣ್ಣೆ ಥರ ಇತ್ತು."

"ವಯಸ್ಸಾಯ್ತಲ್ಲ, ನಿನ್ನ ನಾಲಿಗೆ ಸತ್ತಿದೆ."

"ನಾಲಿಗೆ ನಿನ್ನದೂ ನನ್ನದೂ ಸಾಯೋ ಪೈಕಿ ಅಲ್ಲ. ನಿಜ ಹೇಳು."

ಹೇಳಿದೆ. ಗೇಟು, ಪಟ್ಟಿ, ನಲವತ್ತೊಂದು ಚೂರು, ನವೆಂಬರ್, ಎಲ್ಲ. ಅವಳು ರಸ್ತೆಯ ಕಡೆಯ ಕಿಟಕಿ ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ ಅಂದಳು:

"ನನ್ನ ಹೆಸರು ತೆಗ್ದುಬಿಡು ಅತ್ತಿಗೆ. ಅಣ್ಣಂದಿರ ಮಕ್ಕಳಿಗೂ ನಾನು ಹೇಳ್ತೀನಿ, ಅವ್ರದ್ದೂ ತೆಗಿ. ಜರೀಫಾ ಅಂತ ಯಾರೂ ಹುಟ್ಟೇ ಇಲ್ಲ ಅಂತ ಬರೆಸು. ಮರ ಉಳೀಲಿ."

"ಬಾಯಿ ಮುಚ್ಚು."

"ಯಾಕೆ? ಅರವತ್ತೇಳರಿಂದ ನಾನಿಲ್ಲ ಅಂತಾನೇ ತಾನೆ ಲೆಕ್ಕ? ಇನ್ನೊಂದು ಹದಿನೈದು ವರ್ಷ ಹಿಂದಕ್ಕೆ ತಳ್ಳು, ಅಷ್ಟೆ."

ನನ್ನ ಮಗ ಬಾಸಿಲ್ ಫೋನಿನ ಪಕ್ಕದಲ್ಲೇ ಕೂತಿದ್ದ. ಮಾರನೆಯ ದಿನವೇ ಹೊಸ ಪಟ್ಟಿ ಬರೆಸಿಕೊಂಡು ಬಂದ. ಅದರಲ್ಲಿ ಆರೇ ಹೆಸರು. ನದಿಯಾಚೆಯ ಒಬ್ಬರೂ ಇಲ್ಲ. ಅಬೂ ಆಕಿಫ್ ಸಾಕ್ಷಿಗೆ ಸಹಿಯನ್ನೂ ಹಾಕಿ ಕೊಟ್ಟಿದ್ದಾರೆ, ನಾನು ಬೈದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ. ನನ್ನ ಹೆಬ್ಬೆಟ್ಟೊಂದು ಬಾಕಿ. ನನಗೆ ಸಹಿ ಬರುತ್ತದೆ, ನಾಲ್ಕನೆಯ ತರಗತಿಯವರೆಗೆ ಓದಿದವಳು ನಾನು, ಆದರೂ ನಿಮ್ಮ ಕಾಗದಗಳಿಗೆ ಹೆಬ್ಬೆಟ್ಟೇ ಇಷ್ಟ.

"ಒತ್ತಮ್ಮ," ಅಂದ ಬಾಸಿಲ್. "ಜರೀಫಾ ಅತ್ತೇನೇ ಹೇಳಿದಾಳಲ್ಲ. ಸುಳ್ಳು ನಿನ್ನ ಮೇಲೆ ಬರಲ್ಲ."

"ಬರಲ್ಲ ಅಂತ ನಿಂಗೆ ಯಾರು ಹೇಳಿದ್ದು?"

"ನೆಲ ಹೋಗತ್ತಮ್ಮ. ಹೆಸರಿಟ್ಕೊಂಡು ಏನು ಮಾಡ್ತೀಯ?"

ಅವನಿಗೆ ನಾನು ಉತ್ತರ ಕೊಡಲಿಲ್ಲ. ನಿಮಗೆ ಕೊಡುತ್ತೇನೆ. ಐವತ್ತೆಂಟು ವರ್ಷದಿಂದ ಯಾರಿಗೂ, ರಾಜಿಹ್‌ಗೂ ಹೇಳದ ಮಾತು ಇದು. ನಿಮ್ಮವರು ತಲೆ ಎಣಿಸಲು ಬಂದ ದಿನ, ಅವರು ಪಕ್ಕದ ಮನೆಯಲ್ಲಿರುವಾಗಲೇ, ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. ಜರೀಫಾಳ ಕಸೂತಿ ಲಂಗವನ್ನು ನನ್ನ ಕೈಗಿಟ್ಟರು. "ಸೊಸೆ ಅಂತ ಒಂದ್ಸಲ ನಿಲ್ಲು. ಹಿಂದಿನ ಬಾಗಿಲಿಂದ ಬಂದು ಇದನ್ನ ಹಾಕ್ಕೊಂಡು ಮಗಳು ಅಂತ ಇನ್ನೊಂದ್ಸಲ ನಿಲ್ಲು. ಅವ್ರಿಗೆ ನಮ್ಮ ಹೆಣ್ಣುಮಕ್ಕಳ ಮುಖ ಎಲ್ಲ ಒಂದೇ," ಅಂದರು. ಊರಲ್ಲಿ ಎರಡು ಮನೆಯವರು ಹಾಗೆ ಮಾಡಿ ಆಚೆ ಉಳಿದ ಮಕ್ಕಳಿಗೆ ಗುರುತಿನ ಚೀಟಿ ಮಾಡಿಸಿದ್ದು ಆಮೇಲೆ ಗೊತ್ತಾಯಿತು. ಬೂಟಿನ ಸದ್ದು ಅಂಗಳಕ್ಕೆ ಬಂತು. ಒಂದು ಸಲ ಸೊಸೆಯಾಗಿ ನಿಂತೆ. ಇನ್ನೊಂದು ಸಲಕ್ಕೆ ಲಂಗ ಕೈಯಲ್ಲಿ ಹಿಡಿದು ಒಲೆಯ ಹಿಂದೆ ಕೂತುಬಿಟ್ಟೆ. ಬಾಗಿಲಲ್ಲಿ ಅತ್ತೆ ನಿಮ್ಮವರೊಂದಿಗೆ ಜಗಳವಾಡುತ್ತಿದ್ದದ್ದು ನಾನು ಎದ್ದು ಬರಲಿ ಎಂದು. ನಾನು ಏಳಲಿಲ್ಲ. ಸಾಯುವವರೆಗೂ ಆಕೆ ಆ ಮಾತು ಎತ್ತಲಿಲ್ಲ. ಹಾಸಿಗೆ ಮಾತ್ರ ಹಾಸಿದರು.

ಆವತ್ತು ಜರೀಫಾಳ ಹೆಸರನ್ನು ಬಿಟ್ಟವರು ನೀವೊಬ್ಬರೇ ಅಲ್ಲ. ಒಂದು ಸಲ ಹೆದರಿ ಅವಳನ್ನು ಇಲ್ಲದವಳಾಗಿ ಮಾಡಿದೆ. ಎರಡನೆಯ ಸಲ, ಎಪ್ಪತ್ತೈದು ದಾಟಿದ ಮೇಲೆ, ಹೆದರುವುದಕ್ಕೆ ಏನೂ ಉಳಿಯದಿರುವಾಗ, ಹೆಬ್ಬೆಟ್ಟು ಒತ್ತಿ ಮಾಡಲೇ? ಬಾಸಿಲ್ ತಂದ ಪಟ್ಟಿಗೆ ನಾನು ಹೆಬ್ಬೆಟ್ಟು ಒತ್ತುವುದಿಲ್ಲ. ಅವನು ಮೂರು ದಿನದಿಂದ ಮಾತು ಬಿಟ್ಟಿದ್ದಾನೆ. ಊರವರು ಮುದುಕಿಗೆ ಅರಳುಮರಳು ಎನ್ನುತ್ತಿದ್ದಾರೆ. ನನ್ನ ಹಟದಿಂದ ಮೊಮ್ಮಕ್ಕಳ ಕಾಲಕ್ಕೆ ತೋಪೇ ಇರಲಿಕ್ಕಿಲ್ಲ ಎಂಬುದೂ ನನಗೆ ಗೊತ್ತು. ಅದನ್ನು ಯೋಚಿಸಿ ನಿದ್ದೆ ಬಾರದವಳು ನಾನು, ನೀವಲ್ಲ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ನಲವತ್ತೊಂದು ಹೆಸರಿನ ಪಟ್ಟಿ ನಿಮ್ಮ ಬಳಿ ಇದೆ. ಅದರಲ್ಲಿ ಒಂದು ಅಕ್ಷರ ಅಳಿಸದೆ, ಒಂದು ಚೂರು ಅಳೆಯದೆ, ಗೇಟು ತೆರೆಯಿರಿ. ಒಂದು ದಿನ ಸಾಕು, ಒಂದು ಹೇಸರಗತ್ತೆ, ಒಂದು ನೇಗಿಲು; ಎಲ್ಲ ಮರಗಳ ಬುಡ ಉತ್ತು ಬರುತ್ತೇನೆ. ಆಗುವುದಿಲ್ಲವೆಂದರೆ, ಆಗುವುದಿಲ್ಲ ಎಂದು ನೀವೇ ಬರೆಯಿರಿ. ಅಚ್ಚು ಹಾಕಿದ ನಮೂನೆ ಬೇಡ, ನಿಮ್ಮ ಕೈಬರಹ ಬೇಕು. ಈ ಮನೆಯ ಮಗಳು ಜರೀಫಾ ಹುಟ್ಟಲಿಲ್ಲ, ಅವಳಿಗೆ ಅಪ್ಪ ಅಮ್ಮ ಇರಲಿಲ್ಲ, ಅವಳ ಹೆಸರಿಗೆ ಮರ ಬಿಡಲಿಲ್ಲ ಎಂದು ಪೂರ್ತಿಯಾಗಿ ಬರೆದು, ಕೆಳಗೆ ನಿಮ್ಮ ಹುದ್ದೆಯಲ್ಲ, ನಿಮ್ಮ ತಾಯಿ ಇಟ್ಟ ಹೆಸರು ಬರೆದು ಸಹಿ ಮಾಡಿ. ನನ್ನ ಹೆಬ್ಬೆಟ್ಟಿನಿಂದ ಮಾಡಿಸಬೇಕೆಂದಿದ್ದ ಕೆಲಸವನ್ನು ನಿಮ್ಮ ಕೈಯಿಂದಲೇ ಮಾಡಿ. ಅದನ್ನು ನಾನು ಅಮ್ಮಾನಿಗೆ ಕಳಿಸುತ್ತೇನೆ, ಅವಳೇ ಓದಿಕೊಳ್ಳಲಿ. ಎರಡರಲ್ಲಿ ಒಂದು, ಮುಂದಿನ ತಿಂಗಳು ಹುಟ್ಟುವ ಮುಂಚೆ ನನ್ನ ಕೈ ಸೇರಬೇಕು. ನವೆಂಬರ್ ಒಂದರ ತಾರೀಖಿನ ಉತ್ತರ ನನಗೆ ಬೇಡ.

ಇಂತಿ,
ನಿಮ್ಮ ಎಣಿಕೆಯಲ್ಲಿ ಒಂದೇ ಸಲ ನಿಂತ,
ಫಿದ್ದಾ, ರಾಜಿಹ್‌ನ ಹೆಂಡತಿ, ಜರೀಫಾಳ ಅತ್ತಿಗೆ
(ಸಹಿ ನನ್ನದೇ, ಹೆಬ್ಬೆಟ್ಟಲ್ಲ)